ಮೀನುಗಿಡುಗದ ತವರು

ಗಿಡುಗ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಬೇಟೆಯ ಚಿತ್ರ. ಬಾಗಿದ ಕೊಕ್ಕು, ಕೊಕ್ಕೆಯಂಥ ಉಗುರು, ಮೇಲಿನಿಂದ ಎರಗುವ ವೇಗ, ಸಿಕ್ಕಿಬಿದ್ದ ಜೀವಿಯ ಕೊನೆಯ ಒದ್ದಾಟ—ಇಷ್ಟರಲ್ಲಿಯೇ ಆ ಹಕ್ಕಿಯ ವೃತ್ತಾಂತ ಮುಗಿಯಿತೆಂದು ನಾವು ತಿಳಿಯುತ್ತೇವೆ. ಕವಿಗಳೂ ಅದನ್ನು ಬಹುಮಟ್ಟಿಗೆ ಹಾಗೆಯೇ ಕಂಡಿದ್ದಾರೆ. ಷೇಕ್ಸ್‌ಪಿಯರನಿಗೆ ‘ಕೊರಿಯೊಲೇನಸ್’ ನಾಟಕದಲ್ಲಿ ಆ ರೋಮನ್ ವೀರನ ಪ್ರತಾಪಕ್ಕೊಂದು ಹೋಲಿಕೆ ಬೇಕಾದಾಗ ನೆನಪಾದದ್ದು ಮೀನು ಹಿಡಿಯುವ ಗಿಡುಗವೇ. ಆದರೆ ಬೇಟೆಯ ಹಕ್ಕಿಗೂ ಒಂದು ಮನೆಯುಂಟು. ಆ ಮನೆಯಲ್ಲಿ ಹಸಿದು ಕಾಯುವವರುಂಟು. ಆ ಮನೆಯ ಕಡೆಯಿಂದ ನೋಡಿದಾಗ ಬೇಟೆಯ ಅರ್ಥವೇ ಬೇರೆಯಾಗುತ್ತದೆ. ನಾನು ಇಂದು ಹೇಳಹೊರಟಿರುವುದು ಅಂಥ ಒಂದು ಮನೆಯ ವಿಷಯ.

ಇಂಗ್ಲಿಷಿನಲ್ಲಿ ‘ಆಸ್ಪ್ರೇ’ ಎಂದು ಕರೆಯುವ ಈ ಹಕ್ಕಿಗೆ ನಾವು ಮೀನುಗಿಡುಗ ಎನ್ನಬಹುದು. ಬೆನ್ನು ಕಂದು, ಹೊಟ್ಟೆ ಬಿಳುಪು. ಬಿಳಿಯ ತಲೆಯ ಮೇಲೆ ಕಣ್ಣಿನಿಂದ ಕತ್ತಿನವರೆಗೆ ಕಾಡಿಗೆ ಎಳೆದಂಥ ಒಂದು ಕಪ್ಪು ಪಟ್ಟೆ. ರೆಕ್ಕೆ ಬಿಚ್ಚಿದರೆ ಐದು ಅಡಿಗೂ ಮಿಕ್ಕಿದ ಅಗಲ. ತೂಕ ಮಾತ್ರ ಒಂದೂವರೆ ಎರಡು ಕಿಲೋಗ್ರಾಂ. ಇದರ ಆಹಾರ ಹೆಚ್ಚುಕಡಿಮೆ ಮೀನೊಂದೇ. ಅದಕ್ಕೆ ತಕ್ಕಂತೆ ಇದರ ದೇಹದ ಕಟ್ಟೂ ಇದೆ. ಹೊರಗಿನ ಬೆರಳನ್ನು ಹಿಂದಕ್ಕೆ ತಿರುಗಿಸಿ, ಎರಡು ಮುಂದೆ ಎರಡು ಹಿಂದೆ ಎಂಬಂತೆ ಇದು ಮೀನನ್ನು ಹಿಡಿಯಬಲ್ಲದು. ಅಂಗಾಲಿನ ತುಂಬ ಒರಟಾದ ಮುಳ್ಳುಗಳಿರುವುದರಿಂದ ಎಂಥ ಜಾರುವ ಮೀನೂ ನುಣುಚಿಕೊಳ್ಳಲಾರದು. ನೀರಿಗೆ ಧುಮುಕುವಾಗ ಮೂಗಿನ ಹೊಳ್ಳೆಗಳು ಮುಚ್ಚಿಕೊಳ್ಳುತ್ತವೆ.

ನಮಗೆ ಇದು ಅಪರಿಚಿತ ಹಕ್ಕಿಯೇನೂ ಅಲ್ಲ. ಚಳಿಗಾಲದಲ್ಲಿ ಕಬಿನಿಯ ಹಿನ್ನೀರಿಗೆ ಹೋದವರು, ನೀರಿನ ನಡುವೆ ಬೋಳಾಗಿ ನಿಂತಿರುವ ಮರದ ತುದಿಯಲ್ಲಿ ಇದು ಒಂಟಿಯಾಗಿ ಕುಳಿತಿರುವುದನ್ನು ಕಂಡಿರಬಹುದು. ಆದರೆ ನಮ್ಮಲ್ಲಿಗೆ ಇದು ಅತಿಥಿ. ಉತ್ತರದ ನಾಡುಗಳಿಂದ ಬಂದು, ನಮ್ಮ ಕೆರೆ ಜಲಾಶಯಗಳ ಮೀನುಂಡು, ಬೇಸಗೆ ಬಲಿಯುವ ಹೊತ್ತಿಗೆ ಹೊರಟುಹೋಗುತ್ತದೆ. ಇಲ್ಲಿ ಗೂಡು ಕಟ್ಟುವುದಿಲ್ಲ, ಮರಿ ಮಾಡುವುದಿಲ್ಲ. ಆದುದರಿಂದ ನಮ್ಮಲ್ಲಿ ಈ ಹಕ್ಕಿಯನ್ನು ಎಷ್ಟು ನೋಡಿದರೂ ಅದರ ಬಾಳಿನ ಅರ್ಧವನ್ನಷ್ಟೇ ನೋಡಿದಂತೆ.

ಉಳಿದ ಅರ್ಧವನ್ನು ನೋಡುವ ಅವಕಾಶ ನನಗೆ ಒದಗಿದ್ದು ಇಂಗ್ಲೆಂಡಿನ ನಡುನಾಡಿನಲ್ಲಿ. ಲೆಸ್ಟರ್ ನಗರದ ನನ್ನ ಮಗಳ ಮನೆಯಲ್ಲಿ ಏಪ್ರಿಲ್‌ನಿಂದ ಸೆಪ್ಟೆಂಬರಿನವರೆಗೆ ತಂಗಿದ್ದಾಗ, ಪೂರ್ವಕ್ಕೆ ಒಂದು ಗಂಟೆಯೊಳಗಿನ ದಾರಿಯಾದ ರಟ್ಲೆಂಡ್ ಜಲಾಶಯಕ್ಕೆ ವಾರಕ್ಕೊಮ್ಮೆಯಾದರೂ ಹೋಗಿಬರುವುದು ನನ್ನ ಪದ್ಧತಿಯಾಯಿತು. ಗ್ವಾಶ್ ಎಂಬ ಪುಟ್ಟ ಹೊಳೆಗೆ ಕಟ್ಟೆ ಹಾಕಿ 1970ರ ದಶಕದಲ್ಲಿ ನಿರ್ಮಿಸಿದ, ಸುಮಾರು ಮೂರು ಸಾವಿರ ಎಕರೆ ವಿಸ್ತಾರದ ಜಲಾಶಯ ಅದು. ನೆದರ್ ಹ್ಯಾಂಬಲ್ಟನ್ ಎಂಬ ಹಳ್ಳಿ ಅದರ ನೀರಿನಲ್ಲಿ ಮುಳುಗಿತು. ಪಕ್ಕದ ಮಿಡ್ಲ್ ಹ್ಯಾಂಬಲ್ಟನ್ನಿನ ಹೆಚ್ಚು ಭಾಗವೂ ಹೋಯಿತು. ಗುಡ್ಡದ ಮೇಲಿದ್ದ ಮೂರನೆಯ ಹ್ಯಾಂಬಲ್ಟನ್ ಮಾತ್ರ ಉಳಿಯಿತು. ನಮ್ಮ ಕಬಿನಿ ಅಣೆಕಟ್ಟು ಮುಗಿದದ್ದೂ ಅದೇ ದಶಕದಲ್ಲಿ, 1974ರಲ್ಲಿ. ಮನುಷ್ಯರ ಮನೆ ಮುಳುಗಿಸಿ ನಿಂತ ನೀರು ಹಕ್ಕಿಗಳಿಗೆ ಮನೆಯಾಗುವುದು ಎರಡು ಕಡೆಯೂ ನಡೆದ ಸಂಗತಿ.

ಈ ಜಲಾಶಯದ ಮ್ಯಾಂಟನ್ ಕೊಲ್ಲಿಯಲ್ಲಿ, ಆಳವಿಲ್ಲದ ನೀರಿನ ನಡುವೆ ನೆಟ್ಟ ಕಂಬದ ಮೇಲಿನ ಅಟ್ಟಣೆಯಲ್ಲಿ ಆ ಗೂಡಿದೆ. ದಡದಲ್ಲಿ ಹಲಗೆಯಿಂದ ಕಟ್ಟಿದ ಒಂದು ಮರೆಮನೆ. ಅದರ ಕಿರುಗಂಡಿಗಳ ಮುಂದೆ ಬೆಂಚಿನ ಮೇಲೆ ಕುಳಿತು ದುರ್ಬೀನಿನಲ್ಲಿ ನೋಡಬೇಕು. ಅಲ್ಲಿ ಸದಾ ಒಬ್ಬಿಬ್ಬರು ಸ್ವಯಂಸೇವಕರು ಕುಳಿತು, ಯಾವ ಹೊತ್ತಿಗೆ ಎಂಥ ಮೀನು ಬಂತು, ಯಾರು ಗೂಡಿನಲ್ಲಿದ್ದರು, ಯಾರು ಹಾರಿದರು ಎಂಬುದನ್ನು ಪುಸ್ತಕದಲ್ಲಿ ಬರೆದಿಡುತ್ತಾರೆ. ಹೆಚ್ಚಿನವರು ನನ್ನಂತೆಯೇ ವಯಸ್ಸಾದವರು. ಪಿಸುಮಾತಿನಲ್ಲಿ ನಡೆಯುವ ಅವರ ಸಂಭಾಷಣೆಯನ್ನು ಕೇಳಿದರೆ ಪಕ್ಕದ ಮನೆಯ ಬಾಣಂತಿಯ ವಿಷಯ ಮಾತಾಡುತ್ತಿದ್ದಾರೆಂದು ತೋರುತ್ತಿತ್ತು.

ಗೂಡಿನ ಒಡತಿಗೆ ಅವರು ಇಟ್ಟ ಹೆಸರು ಮಾಯಾ. ಗಂಡಿಗೆ ಹೆಸರಿಲ್ಲ, ಸಂಖ್ಯೆಯಿದೆ. ಕಾಲಿನ ನೀಲಿಯ ಬಳೆಯ ಮೇಲೆ 33 ಎಂದು ಕೊರೆದಿದೆ. 2011ರಲ್ಲಿ ಇದೇ ಜಲಾಶಯದ ಸುತ್ತಿನ ಗೂಡೊಂದರಲ್ಲಿ ಹುಟ್ಟಿದ ಹಕ್ಕಿ ಅದು. 2015ರಿಂದ ಈ ಎರಡೂ ವರ್ಷವರ್ಷವೂ ಅದೇ ಗೂಡಿನಲ್ಲಿ ಸಂಸಾರ ಹೂಡುತ್ತ ಬಂದವು. ಸಂಸಾರ ಎಂದೆನಷ್ಟೆ, ಆದರೆ ಚಳಿಗಾಲದಲ್ಲಿ ಅವು ಜೊತೆಗಿರುವುದಿಲ್ಲ. ಮೀನುಗಿಡುಗಗಳು ಒಂಟಿಯಾಗಿಯೇ ವಲಸೆ ಹೋಗುತ್ತವೆ. ಬ್ರಿಟನ್ನಿನ ಹಕ್ಕಿಗಳು ಸಹಾರಾ ಮರುಭೂಮಿಯನ್ನು ದಾಟಿ, ಸೆನೆಗಲ್, ಗ್ಯಾಂಬಿಯಾ ಮೊದಲಾದ ಪಶ್ಚಿಮ ಆಫ್ರಿಕದ ಕಡಲಂಚಿನಲ್ಲಿ ಬೇರೆಬೇರೆಯಾಗಿ ಚಳಿಗಾಲ ಕಳೆಯುತ್ತವೆ. ಮಾರ್ಚ್ ತಿಂಗಳಲ್ಲಿ ಸುಮಾರು ಮೂರು ಸಾವಿರ ಮೈಲಿ ಹಾರಿ, ಕೆಲವೇ ದಿನಗಳ ಅಂತರದಲ್ಲಿ ಅದೇ ಗೂಡಿಗೆ ಬಂದಿಳಿಯುತ್ತವೆ. ಅವುಗಳನ್ನು ಕೂಡಿಸುವುದು ಪರಸ್ಪರ ಪ್ರೇಮವೋ ಆ ಕಡ್ಡಿಯ ಗೂಡೋ ಎಂದು ಕೇಳಿದರೆ, ಬಲ್ಲವರು ಗೂಡಿನ ಪಕ್ಷವನ್ನೇ ವಹಿಸುತ್ತಾರೆ.

ನಾನು ಮೊದಲು ಹೋದಾಗ ಏಪ್ರಿಲ್ ಮುಗಿಯುತ್ತ ಬಂದಿತ್ತು. ಮಾಯಾ ಕಾವಿಗೆ ಕುಳಿತಾಗಿತ್ತು. ಈ ಹಕ್ಕಿ ಒಂದೆರಡು ದಿನಕ್ಕೊಂದರಂತೆ ಸಾಮಾನ್ಯವಾಗಿ ಮೂರು ಮೊಟ್ಟೆ ಇಡುತ್ತದೆ. ಕೆನೆಬಣ್ಣದ ಮೇಲೆ ಕೆಂಗಂದು ಚುಕ್ಕೆ. ಸುಮಾರು 37 ದಿನ ಕಾವು ಬೇಕು. ನೋಡುವವರಿಗೆ ಈ ದಿನಗಳಲ್ಲಿ ಕಾಣುವುದು ಗೂಡಿನ ಅಂಚಿನ ಮೇಲೆ ಒಂದು ತಲೆ, ಅಷ್ಟೆ. ಗಾಳಿ ಬೀಸುತ್ತದೆ, ಮಳೆ ಬರುತ್ತದೆ, ಆ ತಲೆ ಕದಲುವುದಿಲ್ಲ. ಗಂಡು ಮೀನು ಹಿಡಿದು ತರುತ್ತದೆ. ಆದರೆ ನೇರ ಗೂಡಿಗಲ್ಲ. ದೂರದ ಕೊಂಬೆಯ ಮೇಲೆ ಕುಳಿತು ತಲೆಯ ಭಾಗವನ್ನು ತಾನು ತಿಂದು, ಉಳಿದುದನ್ನು ಹೆಂಡತಿಗೆ ತಂದೊಪ್ಪಿಸುತ್ತದೆ. ಅದು ಮೀನನ್ನು ಕೊಂಡೊಯ್ದು ಎಲ್ಲಿಯೋ ಕುಳಿತು ತಿಂದು ಬರುವಷ್ಟು ಹೊತ್ತು ಗಂಡು ಕಾವಿಗೆ ಕೂರುತ್ತದೆ. ಕುಳಿತುಕೊಳ್ಳುವ ಮುನ್ನ ಆ ಘೋರ ಉಗುರುಗಳನ್ನು ಒಳಕ್ಕೆ ಮಡಿಸಿ, ಮುಷ್ಟಿ ಮಾಡಿಕೊಂಡು, ಮೊಟ್ಟೆಗಳ ಸುತ್ತ ಕುಂಟುತ್ತ ನಡೆಯುವ ರೀತಿಯನ್ನು ನಾನು ಮರೆಯಲಾರೆ. ಮೀನಿನ ಬೆನ್ನಿಗೆ ನಾಟುವ ಆಯುಧವೇ ಮೊಟ್ಟೆಯ ಬಳಿ ಸಂಕೋಚಪಡುತ್ತದೆ.

ಮೇ ತಿಂಗಳ ನಡುವೆ ಮರಿಗಳು ಒಡೆದು ಬರುತ್ತವೆ. ಮೊದಲ ಮೊಟ್ಟೆಗೇ ಕಾವು ಪ್ರಾರಂಭವಾಗುವುದರಿಂದ ಮರಿಗಳು ಒಂದೇ ದಿನ ಹುಟ್ಟುವುದಿಲ್ಲ. ಹಿರಿದಕ್ಕೂ ಕಿರಿದಕ್ಕೂ ಕೆಲವು ದಿನಗಳ ಅಂತರವಿರುತ್ತದೆ. ಈ ಅಂತರದಲ್ಲಿ ಪ್ರಕೃತಿಯ ಒಂದು ಕಠಿಣ ಲೆಕ್ಕಾಚಾರವಿದೆ. ಮೀನು ಹೇರಳವಾಗಿ ಬಂದರೆ ಎಲ್ಲವೂ ಉಣ್ಣುತ್ತವೆ, ಬೆಳೆಯುತ್ತವೆ. ಮೀನು ಕಡಿಮೆಯಾದರೆ ಹಿರಿಯದು ಕಿರಿಯದನ್ನು ಕುಕ್ಕಿ ತಲೆ ತಗ್ಗಿಸುವಂತೆ ಮಾಡಿ ತನ್ನ ಪಾಲನ್ನು ಮೊದಲು ಪಡೆಯುತ್ತದೆ. ಬರಗಾಲ ಮುಂದುವರಿದರೆ ಕಿರಿಯದು ಉಳಿಯುವುದಿಲ್ಲ. ತಾಯಿ ನಡುವೆ ಬಂದು ನ್ಯಾಯ ಹೇಳುವುದಿಲ್ಲ. ಬೇಡುವ ಬಾಯಿಗೆ ಕೊಡುವುದಷ್ಟೇ ಅದರ ಧರ್ಮ. ಆದುದರಿಂದ ಆ ಮನೆಯ ನ್ಯಾಯವೆಲ್ಲ ಗಂಡಿನ ದುಡಿಮೆಯಲ್ಲಿ ಅಡಗಿದೆ ಎನ್ನಬೇಕು. ಹೊಟ್ಟೆ ತುಂಬಿದ ಮರಿ ಜಗಳವಾಡುವುದಿಲ್ಲ.

ಮತ್ತು ಆ ದುಡಿಮೆ ಸುಲಭವಾದುದಲ್ಲ. ನೀರಿನ ಮೇಲೆ ತಿರುಗುತ್ತ, ಒಂದೆಡೆ ರೆಕ್ಕೆ ಬಡಿಯುತ್ತ ನಿಂತು, ಕಾಲು ಮುಂದಕ್ಕೆ ಚಾಚಿ ಬೀಳುತ್ತದೆ. ಬಿಳಿಯ ನೀರು ಎದ್ದು, ಒಂದು ಕ್ಷಣ ಹಕ್ಕಿ ಕಾಣದಾಗುತ್ತದೆ. ಎಷ್ಟೋ ಸಲ ಬರಿಗಾಲಿನಲ್ಲಿ ಮೇಲೇಳುತ್ತದೆ. ಹಿಡಿತ ಸಿಕ್ಕಿದಾಗ ಗಾಳಿಯಲ್ಲಿಯೇ ನಾಯಿಯಂತೆ ಮೈಕೊಡವಿ, ಮೀನಿನ ತಲೆಯನ್ನು ಮುಂದಕ್ಕೆ ತಿರುಗಿಸಿಕೊಳ್ಳುತ್ತದೆ; ಅಡ್ಡವಾಗಿ ಹಿಡಿದರೆ ಗಾಳಿ ತಡೆಯುತ್ತದೆ. ಟ್ರೌಟ್, ರೋಚ್, ಪೈಕ್ ಎಂದು ಹೆಸರುಳ್ಳ ಮೀನುಗಳು ಹೀಗೆ ದಿನಕ್ಕೆ ಹಲವಾರು ಬಾರಿ ಗೂಡಿಗೆ ಬರುತ್ತವೆ. ಬಂದ ಮೀನನ್ನು ಮಾಯಾ ಕಾಲಿನಡಿ ಒತ್ತಿ ಹಿಡಿದು, ಉಗುರಿನಷ್ಟು ಉಗುರಿನಷ್ಟೇ ಕಿತ್ತು, ಕತ್ತು ಓರೆ ಮಾಡಿ ಮರಿಯ ಬಾಯಿಗಿಡುತ್ತದೆ. ಕೈತುತ್ತು ಎಂಬ ನಮ್ಮ ಮಾತಿಗೆ ಅಲ್ಲಿ ಕೊಕ್ಕುತುತ್ತು ಎನ್ನಬೇಕು. ಬಿಸಿಲೇರಿದರೆ ರೆಕ್ಕೆಯನ್ನು ಕೊಡೆಯಂತೆ ಹರಡಿ ನಿಲ್ಲುತ್ತದೆ. ಮಳೆ ಬಂದರೆ ಅದೇ ರೆಕ್ಕೆ ಸೂರು. ಕಾಗೆಯೋ ಅನ್ಯ ಗಿಡುಗವೋ ಹತ್ತಿರ ಸುಳಿದರೆ ಒಂದು ಕೂಗು. ಮರಿಗಳು ಗೂಡಿಗೆ ಅಂಟಿಕೊಂಡು ಕಡ್ಡಿಯ ನಡುವೆ ಕಡ್ಡಿಯಾಗುತ್ತವೆ.

ಜೂನ್ ಕೊನೆಯ ಹೊತ್ತಿಗೆ ಮರಿಗಳು ಗಾತ್ರದಲ್ಲಿ ತಾಯಿಗೆ ಸಮೀಪ ಬಂದಿರುತ್ತವೆ. ಬೆನ್ನಿನ ಗರಿಗಳಿಗೆ ಕೆನೆಬಣ್ಣದ ಅಂಚು. ತಾಯಿತಂದೆಯರದು ಹಳದಿ ಕಣ್ಣಾದರೆ ಇವುಗಳದು ಕೆಂಪುಮಿಶ್ರಿತ ಕಿತ್ತಳೆ. ಆಗ ತಜ್ಞರು ಏಣಿ ಹಾಕಿ ಹತ್ತಿ, ಮರಿಗಳನ್ನು ತೂಗಿ, ಕಾಲಿಗೆ ನೀಲಿಯ ಬಳೆ ತೊಡಿಸುತ್ತಾರೆ. ಜುಲೈಯಲ್ಲಿ ರೆಕ್ಕೆಯ ಕಸರತ್ತು ಮೊದಲಾಗುತ್ತದೆ. ಗಾಳಿಗೆದುರಾಗಿ ನಿಂತು ಬಡಿಯುವುದು, ಒಂದು ಗೇಣು ಎದ್ದು ಅದೇ ಜಾಗಕ್ಕೆ ಇಳಿಯುವುದು, ಗಾಬರಿಯಿಂದ ಸುತ್ತ ನೋಡುವುದು. ಹುಟ್ಟಿದ ಏಳು ವಾರಗಳ ಮೇಲೆ, ಸುಮಾರು ಐವತ್ತು ಐವತ್ತೈದು ದಿನಗಳಾದಾಗ, ಒಂದು ದಿನ ಕಾಲು ಗೂಡನ್ನು ಬಿಡುತ್ತದೆ. ನಾನು ಕಂಡ ಹಿರಿಯ ಮರಿ ಕೊಲ್ಲಿಯ ಮೇಲೆ ಎರಡು ಮೂರು ಸುತ್ತು ಹಾಕಿತು. ಹಾರುವುದು ಬಂತು, ಇಳಿಯುವುದು ಬರಲಿಲ್ಲ. ಗೂಡಿನ ಹತ್ತಿರ ಬಂದು ಬಂದು ತಪ್ಪಿಹೋಗುತ್ತಿತ್ತು. ಕೊನೆಗೆ ತಮ್ಮನ ಬೆನ್ನ ಮೇಲೆಯೇ ಬಿದ್ದಿತು. ಮರೆಮನೆಯಲ್ಲಿ ಅಲ್ಲಿಯವರೆಗೆ ಯಾರೂ ಉಸಿರಾಡಿರಲಿಲ್ಲವೆಂದು ತೋರುತ್ತದೆ. ಎಲ್ಲರೂ ಒಮ್ಮೆಗೇ ನಕ್ಕರು.

ಆ ಎರಡು ಮೂರು ಸುತ್ತುಗಳು ಕೇವಲ ರೆಕ್ಕೆಯ ಅಭ್ಯಾಸವಲ್ಲ. ಅವುಗಳ ಮಹತ್ವ ತಿಳಿಯಬೇಕಾದರೆ, ಆ ಗೂಡು ಅಲ್ಲಿಗೆ ಬಂದ ಕಥೆಯನ್ನು ಕೇಳಬೇಕು.

ಒಂದು ಕಾಲಕ್ಕೆ ಬ್ರಿಟನ್ನಿನಲ್ಲೆಲ್ಲ ಇದ್ದ ಈ ಹಕ್ಕಿಯನ್ನು ಮನುಷ್ಯರೇ ಇಲ್ಲವಾಗಿಸಿದರು. ಮೀನುಕೊಳಗಳ ಒಡೆಯರು ಗುಂಡಿಕ್ಕಿದರು. ಸಂಗ್ರಹಕಾರರು ಮೊಟ್ಟೆಗಳನ್ನು ಕದ್ದು ಗಾಜಿನ ಪೆಟ್ಟಿಗೆಗಳಲ್ಲಿ ಜೋಡಿಸಿಟ್ಟರು. ಹಕ್ಕಿ ವಿರಳವಾದಷ್ಟೂ ಮೊಟ್ಟೆಯ ಬೆಲೆ ಏರಿತು. ಬೆಲೆ ಏರಿದಷ್ಟೂ ಹಕ್ಕಿ ವಿರಳವಾಯಿತು. ಇಂಗ್ಲೆಂಡಿನಲ್ಲಿ 19ನೆಯ ಶತಮಾನದ ನಡುಭಾಗಕ್ಕೆ, ಸ್ಕಾಟ್ಲೆಂಡಿನಲ್ಲಿ 1916ರ ಹೊತ್ತಿಗೆ ಗೂಡುಗಳು ಬರಿದಾದವು. 1954ರಲ್ಲಿ ಒಂದು ಜೋಡಿ ತಾನಾಗಿಯೇ ಸ್ಕಾಟ್ಲೆಂಡಿನ ಲಾಕ್ ಗಾರ್ಟನ್ ಸರೋವರದ ಬಳಿ ಬಂದು ಮರಿ ಮಾಡಿತು. 1958ರಲ್ಲಿ, ಕಾವಲಿದ್ದರೂ ರಾತ್ರಿಯಲ್ಲಿ ಕಳ್ಳನೊಬ್ಬ ಅಲ್ಲಿಯ ಮೊಟ್ಟೆಗಳನ್ನು ಹಾಳುಮಾಡಿದ. ಮರುವರ್ಷ ಪಕ್ಷಿಸಂರಕ್ಷಣಾ ಸಂಘದ ಜಾರ್ಜ್ ವಾಟರ್‌ಸ್ಟನ್ ಒಂದು ವಿಲಕ್ಷಣ ಉಪಾಯ ಮಾಡಿದರು. ಗುಟ್ಟಾಗಿಟ್ಟರೆ ಕಳ್ಳನಿಗೆ ಅನುಕೂಲ. ಆದುದರಿಂದ ಗುಟ್ಟನ್ನೇ ಬಿಟ್ಟುಕೊಟ್ಟು, ಬನ್ನಿ, ನೋಡಿ ಎಂದು ಜನರನ್ನು ಕರೆದರು. ಸಾವಿರಾರು ಕಣ್ಣುಗಳೇ ಕಾವಲಾದವು. ಆ ವರ್ಷ ಮೂರು ಮರಿಗಳು ಹಾರಿದವು. ಇಂದು ನಾವು ಹಲಗೆಯ ಕಿಂಡಿಯಲ್ಲಿ ಕಣ್ಣಿಟ್ಟು ಕೂರುವ ಪದ್ಧತಿಗೆ ಮೂಲ ಅಲ್ಲಿದೆ.

ಸ್ಕಾಟ್ಲೆಂಡಿನಲ್ಲಿ ಹಕ್ಕಿಗಳು ಮೆಲ್ಲಗೆ ಹೆಚ್ಚಿದವು. ಆದರೆ ದಕ್ಷಿಣಕ್ಕೆ ಹರಡಲಿಲ್ಲ. ಕಾರಣವೇನೆಂದರೆ ಮೀನುಗಿಡುಗ ತವರನ್ನು ಬಿಡದ ಹಕ್ಕಿ, ಅದರಲ್ಲಿಯೂ ಗಂಡು. ನಮ್ಮಲ್ಲಿ ತವರು ಹೆಣ್ಣಿನ ಮಾತು. ಈ ಹಕ್ಕಿಗಳಲ್ಲಿ ತವರಿಗೆ ಹಂಬಲಿಸುವುದು ಗಂಡು, ದೂರ ಹೋಗಿ ನೆಲೆಸಬಲ್ಲುದು ಹೆಣ್ಣು. ಗಂಡು ಎಲ್ಲಿಂದ ಹೊರಟಿತೋ ಆ ಸುತ್ತಿಗೇ ಮರಳಿ ಬಂದು ಗೂಡು ಕಟ್ಟುತ್ತದೆ. ಆದುದರಿಂದ ಒಮ್ಮೆ ಬರಿದಾದ ನಾಡು ಬರಿದಾಗಿಯೇ ಉಳಿಯುತ್ತದೆ. ಅಲ್ಲಿಗೆ ಮರಳಲು ಅಲ್ಲಿಂದ ಹೊರಟವರೇ ಇಲ್ಲ. ಇದನ್ನು ಬಲ್ಲ ರಾಯ್ ಡೆನಿಸ್, ಟಿಮ್ ಆಪಲ್ಟನ್ ಮೊದಲಾದವರು 1996ರಲ್ಲಿ ಒಂದು ಪ್ರಯೋಗಕ್ಕೆ ತೊಡಗಿದರು. ಸ್ಕಾಟ್ಲೆಂಡಿನ ಗೂಡುಗಳಿಂದ ಸುಮಾರು ಆರು ವಾರದ, ಇನ್ನೂ ಹಾರದ ಮರಿಗಳನ್ನು ರಟ್ಲೆಂಡಿಗೆ ತಂದರು. ನೀರು ಕಾಣುವಂಥ ಎತ್ತರದ ಪಂಜರಗಳಲ್ಲಿಟ್ಟು, ಮನುಷ್ಯರ ಮುಖ ಕಾಣದಂತೆ ಮೀನು ಉಣಿಸಿದರು. ಹಾರುವ ಕಾಲ ಬಂದಾಗ ಬಾಗಿಲು ತೆರೆದರು. 2001ರವರೆಗೆ ಹೀಗೆ ತಂದ ಮರಿಗಳು 64.

ಪ್ರಶ್ನೆ ಇದ್ದದ್ದು ಒಂದೇ. ಶರತ್ಕಾಲದಲ್ಲಿ ಆಫ್ರಿಕಕ್ಕೆ ಹೋದ ಈ ಮಕ್ಕಳು ಹಿಂದಿರುಗುವಾಗ ಯಾವುದನ್ನು ತವರೆಂದು ನೆನೆದಾವು? ಮೊಟ್ಟೆಯೊಡೆದ ಸ್ಕಾಟ್ಲೆಂಡನ್ನೋ, ರೆಕ್ಕೆ ಬಿಚ್ಚಿದ ರಟ್ಲೆಂಡನ್ನೋ? ಉತ್ತರಕ್ಕಾಗಿ ಮೂರು ವರ್ಷ ಕಾಯಬೇಕಾಯಿತು. ಏಕೆಂದರೆ ಮರಿಗಳು ಮೊದಲ ಬೇಸಗೆಯನ್ನು ಆಫ್ರಿಕದಲ್ಲಿಯೇ ಕಳೆದು, ಎರಡನೆಯ ಅಥವಾ ಮೂರನೆಯ ವರ್ಷದಲ್ಲಷ್ಟೇ ಮರಳುತ್ತವೆ. 1999ರಲ್ಲಿ ಮೊದಲ ಹಕ್ಕಿಗಳು ಮರಳಿದವು, ರಟ್ಲೆಂಡಿಗೆ. 1997ರಲ್ಲಿ ತಂದಿದ್ದ ಗಂಡೊಂದು 2001ರಲ್ಲಿ ಜೊತೆಗಾರ್ತಿಯನ್ನು ಪಡೆದು ಒಂದು ಮರಿಯನ್ನು ಬೆಳೆಸಿತು. ಮಧ್ಯ ಇಂಗ್ಲೆಂಡಿನಲ್ಲಿ ನೂರೈವತ್ತು ವರ್ಷಗಳ ಬಳಿಕ ಹಾರಿದ ಮೊದಲ ಮೀನುಗಿಡುಗದ ಮರಿ ಅದು.

ಹೀಗೆಂದರೆ ಏನಾಯಿತು? ತವರೆಂಬುದು ಈ ಹಕ್ಕಿಗೆ ರಕ್ತದಲ್ಲಿ ಬರೆದ ವಿಳಾಸವಲ್ಲ. ಮೊದಲ ಹಾರಾಟಗಳಲ್ಲಿ ಕಣ್ಣು ಕಲಿತ ಪಾಠ. ರೆಕ್ಕೆ ಬಂದ ಮೇಲೆ, ವಲಸೆಗೆ ಮುನ್ನ ದೊರೆಯುವ ಐದಾರು ವಾರಗಳಲ್ಲಿ ಮರಿ ಸುತ್ತುಸುತ್ತು ಹಾರಿ ನೋಡುವ ನೀರು, ದಡ, ಮರ, ಗುಡ್ಡ—ಇವೇ ಅದರ ತವರಾಗುತ್ತವೆ. ಮಾಯಾಳ ಕಾಲಿಗಾದರೋ ಬಳೆಯೇ ಇಲ್ಲ. ಅದು ಎಲ್ಲಿ ಹುಟ್ಟಿತೆಂಬುದನ್ನು ಯಾರೂ ಹೇಳಲಾರರು. ಆದರೂ ಅದರ ಮಕ್ಕಳ ತವರು ಮ್ಯಾಂಟನ್ ಕೊಲ್ಲಿ ಎಂಬುದರಲ್ಲಿ ಸಂದೇಹವಿಲ್ಲ. ಲೆಸ್ಟರಿನಲ್ಲೇ ಹುಟ್ಟಿ ಬೆಳೆಯುತ್ತಿರುವ ಏಳು ವರ್ಷದ ನನ್ನ ಮೊಮ್ಮಗಳು ಒಂದು ದಿನ ಮರೆಮನೆಯಲ್ಲಿ, “ಅಜ್ಜಾ, ಮಾಯಾ ಯಾವ ಊರಿನವಳು?” ಎಂದು ಕೇಳಿದಳು. ಅವಳನ್ನೂ ಜನ ಆಗಾಗ ಹಾಗೆಯೇ ಕೇಳುತ್ತಾರೆಂದು ನನಗೆ ಗೊತ್ತು. ನಮ್ಮೂರಿನ ಹೆಸರನ್ನು ಅವಳಿಗೆ ಬಾಯಿಪಾಠ ಮಾಡಿಸುವ ಉತ್ಸಾಹ ನನಗೆ ಆ ಬೇಸಗೆಯಲ್ಲಿ ಸ್ವಲ್ಪ ಕಡಿಮೆಯಾಯಿತು. ಊರನ್ನು ತೋರಿಸಬೇಕು, ಅದರ ಮೇಲೆ ಎರಡು ಸುತ್ತು ಹಾರಲು ಬಿಡಬೇಕು. ಹೆಸರು ಆಮೇಲೆ ಬಂದೀತು.

ಆಗಸ್ಟ್ ನಡುವೆ ಮೊದಲು ಹೊರಡುವುದು ತಾಯಿ. ನಾಲ್ಕು ತಿಂಗಳು ಗೂಡನ್ನು ಬಿಟ್ಟು ಕದಲದ ಹಕ್ಕಿ ಒಂದು ಬೆಳಗ್ಗೆ ಎದ್ದು ದಕ್ಷಿಣಕ್ಕೆ ಹೋಗಿಬಿಡುತ್ತದೆ, ಬೀಳ್ಕೊಡುಗೆಯಿಲ್ಲ. ಆಮೇಲೆ ಮರಿಗಳು, ಒಂದೊಂದಾಗಿ, ಒಂದರ ಜೊತೆಗೆ ಇನ್ನೊಂದಿಲ್ಲದೆ. ಉಳಿದ ಮರಿಗೆ ಗಂಡು ಇನ್ನೂ ಮೀನು ತರುತ್ತಲೇ ಇರುತ್ತದೆ. ಕೊನೆಯ ಮರಿ ಹೋದ ಮೇಲೆಯೇ ಸಾಮಾನ್ಯವಾಗಿ ಅದರ ಪಯಣ. ಮಕ್ಕಳಿಗೆ ದಾರಿ ತೋರಿಸುವವರಿಲ್ಲ. ಯಾವ ದಿಕ್ಕಿಗೆ ಹೊರಡಬೇಕೆಂಬುದು ಹುಟ್ಟಿನಿಂದ ಬಂದ ಅರಿವು. ಬಿಸ್ಕೇ ಕೊಲ್ಲಿಯ ಬಿರುಗಾಳಿ, ಸಹಾರಾದ ನೀರಿಲ್ಲದ ದಿನಗಳು ಮಾತ್ರ ಅವುಗಳದೇ ಪಾಡು. ಹೊರಟ ಮರಿಗಳಲ್ಲಿ ಬದುಕಿ ಮರಳುವುವು ಸುಮಾರು ಮೂರರಲ್ಲಿ ಒಂದೆಂದು ಅಂದಾಜು. ತಾಯಿತಂದೆ ಕೊಡಬಹುದಾದುದು ಮೀನು, ನೆರಳು, ಮತ್ತು ಮರಳಿ ಬರಲು ಯೋಗ್ಯವಾದ ಒಂದು ಜಾಗ; ಉಳಿದುದನ್ನು ಕೊಡಲು ಅವುಗಳ ಕೈಲಿಲ್ಲ.

ಸೆಪ್ಟೆಂಬರ್ ಮೊದಲ ವಾರದಲ್ಲಿ ಗೂಡು ಬರಿದಾಗಿತ್ತು. ಆದರೂ ಮರೆಮನೆಯ ಸ್ವಯಂಸೇವಕರು ಪುಸ್ತಕವನ್ನು ಕೂಡಲೇ ಮುಚ್ಚುವುದಿಲ್ಲ. ಆ ವರ್ಷ ತೊಡಿಸಿದ ಬಳೆಗಳ ಸಂಖ್ಯೆಗಳನ್ನು ಒಂದು ಪುಟದಲ್ಲಿ ಬರೆದು, ಪ್ರತಿಯೊಂದರ ಮುಂದೆ ಜಾಗ ಖಾಲಿ ಬಿಡುತ್ತಾರೆ. ಆ ಜಾಗ ತುಂಬುವುದು ಎರಡು ವರ್ಷಕ್ಕೋ ಮೂರು ವರ್ಷಕ್ಕೋ. ಕೆಲವು ತುಂಬುವುದೇ ಇಲ್ಲ.